‘ಅಪ್ಪ’ ಎಂಬ ಶಬ್ದದ ವಿಚಾರ



ಸರಸಂಬಾ ಮೊದಲಾದ ಆಳಂದ ಸೀಮೆಯ ಗ್ರಾಮಗಳಲ್ಲಿ ಮಠದ ಸ್ವಾಮಿಗಳವರನ್ನು ಭಕ್ತರು ಸ್ವಾಮಿಗಳೆಂದು ಕರೆಯುವದಕ್ಕಿಂತ ಅಪ್ಪನವರೆಂದು ಕರೆಯುವದೇ ಹೆಚ್ಚು. ‘ಅಪ್ಪಾರು ದಯಮಾಡಿಸಿದರು’, ‘ಅಪ್ಪಾರ ಪಾದಕ್ಕೆ ಹೋಗಿ ಬರೋಣ’ ಎಂಬ ಮಾತು ಹೊಲದಲ್ಲಿಯೂ ಕೇಳಿಸುವದು, ಸಂತೆಯಲ್ಲಿಯೂ ಕೇಳಿಸುವದು. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದಲ್ಲಂತೂ ಈ ಶಬ್ದವು ಪೀಠಾಧಿಪತಿಗಳ ನಾಮಧೇಯಕ್ಕೇ ಅಂಟಿಕೊಂಡು ಬಂದಿರುವದು. ದೊಡ್ಡಪ್ಪ ಅಪ್ಪ, ಶರಣಬಸವಪ್ಪ ಅಪ್ಪ ಎಂಬ ಹೆಸರುಗಳಲ್ಲಿ ಮೊದಲನೆಯ ‘ಅಪ್ಪ’ವು ಹೆಸರಿನ ಭಾಗ, ಎರಡನೆಯದು ಪೀಠಕ್ಕೆ ಸಲ್ಲುವ ಗೌರವ. ಇಷ್ಟು ಬಳಕೆಯ ಮಾತಾದುದರಿಂದಲೇ ಅದರ ವಿಚಾರವನ್ನು ಯಾರೂ ಮಾಡಹೋಗುವದಿಲ್ಲ. ದಿನವೂ ಕುಡಿಯುವ ಬಾವಿಯ ನೀರು ಯಾವ ಸೆಲೆಯಿಂದ ಬಂದಿತೆಂದು ಯಾರು ಕೇಳುವರು?

ಆದರೆ ಈ ಗಡಿನಾಡಿನಲ್ಲಿ ಆ ಪ್ರಶ್ನೆಯು ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಆಳಂದ ತಾಲೂಕು ಮಹಾರಾಷ್ಟ್ರಕ್ಕೆ ಹೊಂದಿಕೊಂಡಿರುವದು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದುದು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದುದು. ಕನ್ನಡ, ಮರಾಠಿ, ದಖನಿ ಉರ್ದು ಈ ಮೂರೂ ಒಂದೇ ಪೇಟೆಯಲ್ಲಿ ಓಡಾಡುವವು. ಕನ್ನಡದ ಹುಡುಗನು ‘ಯಪ್ಪಾ’ ಎಂದು ಕೂಗಿದರೆ ಅವನ ತಂದೆಯು ತಿರುಗಿ ನೋಡುವನು. ಮರಾಠಿ ಮನೆಯಲ್ಲಿ ‘ಅಪ್ಪಾ’ ಎಂದರೆ ತಂದೆಯೇ ಆಗಬೇಕೆಂಬ ನಿಯಮವಿಲ್ಲ. ಮನೆತನದ ಯಾವನೇ ಮಾನ್ಯ ಪುರುಷನು ಅಪ್ಪಾ ಆಗಬಹುದು. ಮುಸಲ್ಮಾನರ ಮನೆಯಲ್ಲಿ ‘ಆಪಾ’ ಎಂದು ಕೂಗಿದರೆ ಒಳಗಿನಿಂದ ಓಗೊಟ್ಟು ಬರುವವಳು ಅಕ್ಕ! ಅಲ್ಲಿ ತಂದೆಯು ‘ಅಬ್ಬಾ’. ಕೂಗು ಹೆಚ್ಚು ಕಡಿಮೆ ಒಂದೇ. ಬರುವವರು ಮಾತ್ರ ಬೇರೆ ಬೇರೆ.

ಇನ್ನು ಲೋಕವನ್ನು ನೋಡಿದರೆ ಆಶ್ಚರ್ಯವು ಇಮ್ಮಡಿಯಾಗುವದು. ತಮಿಳು, ಮಲೆಯಾಳಗಳಲ್ಲಿ ಅಪ್ಪನ್. ಯೂರೋಪಿನ ಹಂಗೇರಿ ದೇಶದವರಲ್ಲಿ ತಂದೆಯು ‘ಅಪ’. ಪೂರ್ವದ ತುದಿಯ ಕೊರಿಯಾದಲ್ಲಿ ಮಕ್ಕಳು ತಂದೆಯನ್ನು ‘ಅಪ್ಪ’ ಎಂದೇ ಕರೆಯುವರು. ಅರಬರಲ್ಲಿ ‘ಅಬ್’, ಯೇಸುವಿನ ಮಾತೃಭಾಷೆಯಾದ ಅರಮಾಯಿಕದಲ್ಲಿ ‘ಅಬ್ಬಾ’. ಇಷ್ಟನ್ನು ಕಂಡೊಡನೆ ಉತ್ಸಾಹಿಗಳಾದವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. ಕೆಲವರು ಜಗತ್ತಿನ ಭಾಷೆಗಳೆಲ್ಲ ಒಂದೇ ಬೇರಿನವು, ಆ ಬೇರು ನಮ್ಮದೇ ಎನ್ನುವರು. ಬೇರೆ ಕೆಲವರು ಕನ್ನಡದಲ್ಲಿ ಸ್ವಂತದ್ದೇನೂ ಇಲ್ಲ, ‘ಅಪ್ಪ’ವೂ ಹೊರಗಿನಿಂದ ಬಂದುದೇ ಎನ್ನುವರು. ಒಂದರಲ್ಲಿ ಗರ್ವ, ಇನ್ನೊಂದರಲ್ಲಿ ದೈನ್ಯ. ಎರಡಕ್ಕೂ ಆಧಾರವು ಒಂದೇ, ಕಿವಿಗೆ ತೋರಿದ ಸಾಮ್ಯ. ಆದರೆ ಕಿವಿಯ ಸಾಕ್ಷಿಯು ಭಾಷಾಶಾಸ್ತ್ರದ ನ್ಯಾಯಾಸನದ ಮುಂದೆ ನಿಲ್ಲುವದಿಲ್ಲ.

ಶಬ್ದಗಳ ನಂಟನ್ನು ನಿಶ್ಚಯಿಸುವ ಕ್ರಮವೇ ಬೇರೆ. ಎರಡು ಭಾಷೆಗಳಲ್ಲಿ ಒಂದು ಮಾತು ಹೋಲಿದರೆ ಸಾಲದು. ಒಂದರಲ್ಲಿ ಯಾವ ಅಕ್ಷರವಿದ್ದಲ್ಲಿ ಇನ್ನೊಂದರಲ್ಲಿ ಯಾವ ಅಕ್ಷರವು ಬರುವದೆಂಬ ನಿಯಮವು ಹತ್ತಾರು ಮಾತುಗಳಲ್ಲಿ ತಪ್ಪದೆ ನಡೆಯಬೇಕು. ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ನಮ್ಮಲ್ಲಿ ‘ಹಾಲು’. ನಮ್ಮ ಹಳಗನ್ನಡದಲ್ಲಿಯೂ ಅದು ಪಾಲ್ ಆಗಿಯೇ ಇದ್ದಿತು. ಪಲ್ ಹಲ್ಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಶಬ್ದದ ಮೊದಲಲ್ಲಿದ್ದ ಪಕಾರವು ಹಕಾರವಾಗುವದು ಕನ್ನಡದ ಕಟ್ಟಳೆ. ಹಾಗಾದರೆ ಅಪ್ಪನು ಏಕೆ ‘ಅಹ್ಹ’ನಾಗಲಿಲ್ಲ? ದ್ವಿತ್ವದ ಪಕಾರಕ್ಕೆ ಆ ಕಟ್ಟಳೆಯು ತಗಲುವದಿಲ್ಲ. ಅದಕ್ಕಾಗಿಯೇ ಉಪ್ಪು ಉಪ್ಪಾಗಿಯೇ ಉಳಿಯಿತು, ಕಪ್ಪು ಕಪ್ಪಾಗಿಯೇ ಉಳಿಯಿತು, ಅಪ್ಪನು ಅಪ್ಪನಾಗಿಯೇ ಉಳಿದನು. ಇಂಥ ಕಟ್ಟಳೆಗಳಿಂದ ಕನ್ನಡದ ಅಪ್ಪ, ತಮಿಳು ಮಲೆಯಾಳಗಳ ಅಪ್ಪನ್ ಇವು ಒಂದೇ ಮನೆಯ ಮಾತುಗಳೆಂದು ತಿಳಿಯುವದು. ಬರೋ ಮತ್ತು ಎಮೆನೋ ಎಂಬ ಪಂಡಿತರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇವೆಲ್ಲವನ್ನೂ ಒಂದೇ ಕಡೆಗೆ ಕೂಡಿಸಿರುವರು. ಅದೇ ರೀತಿಯಾಗಿ ಸಂಸ್ಕೃತದ ಪಿತೃ, ಲ್ಯಾಟಿನ್ನಿನ ಪಾತೆರ್, ಇಂಗ್ಲಿಷಿನ ಫಾದರ್ ಇವು ಒಂದು ಮನೆಯವು. ಕೇಳುವದಕ್ಕೆ ಪಿತೃವಿಗೂ ಫಾದರಿಗೂ ಹೋಲಿಕೆಯು ಕಡಿಮೆ, ಆದರೂ ರಕ್ತಸಂಬಂಧವುಂಟು. ಕೊರಿಯದ ಅಪ್ಪನಿಗೂ ಕಲಬುರ್ಗಿಯ ಅಪ್ಪನಿಗೂ ಹೋಲಿಕೆಯು ಪೂರ್ಣ, ಆದರೆ ಸಂಬಂಧಕ್ಕೆ ಆಧಾರವಿಲ್ಲ.

ಹಾಗಾದರೆ ಈ ಹೋಲಿಕೆಯು ಎಲ್ಲಿಂದ ಬಂದಿತು? ಅದಕ್ಕೆ ಉತ್ತರವನ್ನು ತೊಟ್ಟಿಲಲ್ಲಿ ಹುಡುಕಬೇಕು. ಮರ್ಡಾಕ್ ಎಂಬ ಅಮೇರಿಕೆಯ ಪಂಡಿತನು ಲೋಕದ ನಾನಾ ಜನಾಂಗಗಳಲ್ಲಿ ತಾಯಿತಂದೆಗಳನ್ನು ಹೇಳುವ ೧೦೭೨ ಶಬ್ದಗಳನ್ನು ಕೂಡಿಸಿದನು. ಅವುಗಳಲ್ಲಿ ತಾಯಿಯ ಹೆಸರುಗಳು ಅರ್ಧಕ್ಕಿಂತ ಹೆಚ್ಚು ಮಕಾರ ನಕಾರಗಳಿಂದ ಕೂಡಿದವು. ತಂದೆಯ ಹೆಸರುಗಳಲ್ಲಿ ಪ, ಬ, ತ, ದಗಳು ಹೆಚ್ಚು. ರಶಿಯಾದಲ್ಲಿ ಹುಟ್ಟಿದ ರೋಮನ್ ಯಾಕೊಬ್ಸನ್ ಎಂಬ ಭಾಷಾಶಾಸ್ತ್ರಜ್ಞನು ೧೯೬೦ರಲ್ಲಿ ಪ್ರಕಟವಾದ ಲೇಖವೊಂದರಲ್ಲಿ ಇದರ ಕಾರಣವನ್ನು ವಿವರಿಸಿದನು. ನಮ್ಮ ವರ್ಣಮಾಲೆಯ ಪರಿಭಾಷೆಯಲ್ಲಿಯೇ ಅದನ್ನು ಹೇಳಬಹುದು. ಕೂಸು ಮೊದಲು ಕಲಿಯುವದು ಬಾಯಿಯನ್ನು ಪೂರಾ ತೆರೆಯುವದನ್ನು, ಅದು ಅಕಾರ. ಎರಡನೆಯದಾಗಿ ಕಲಿಯುವದು ತುಟಿಗಳನ್ನು ಪೂರಾ ಮುಚ್ಚುವದನ್ನು, ಅದು ಪವರ್ಗ. ಇದಕ್ಕೆ ಹಲ್ಲೂ ಬೇಡ, ನಾಲಗೆಯ ಚಾತುರ್ಯವೂ ಬೇಡ. ಮೊಲೆಯುಣ್ಣುವಾಗ ಬಾಯಿ ತುಂಬಿರುವದರಿಂದ ಕೂಸಿನ ದನಿಯು ಮೂಗಿನಿಂದ ಬರುವದು. ಆ ಅನುನಾಸಿಕವೇ ಹಸಿವೆಯ ಗುರುತಾಗಿ, ತಾಯಿಯ ಗುರುತಾಗಿ ನಿಲ್ಲುವದು. ಹಾಲಿನ ಹಂಬಲವಿಲ್ಲದೆ ಬಾಯಿ ಬಿಟ್ಟು ಆಡುವಾಗ ಬರುವ ಪಕಾರ ಬಕಾರಗಳು ಮಗ್ಗುಲಲ್ಲಿ ನಿಂತ ಇನ್ನೊಬ್ಬರ ಪಾಲಿಗೆ ಬರುವವು. ಕೂಸಿಗೆ ಅರ್ಥವು ಗೊತ್ತಿರುವದಿಲ್ಲ. ಕೇಳಿದ ತಂದೆಯು ‘ನನ್ನನ್ನೇ ಕರೆಯಿತು’ ಎಂದು ಹಿಗ್ಗಿ ಓಗೊಡುವನು. ಹೀಗೆ ಓಗೊಟ್ಟವನಿಂದಲೇ ಶಬ್ದಕ್ಕೆ ಅರ್ಥವು ಹುಟ್ಟುವದು.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಅಪವಾದಗಳೇ ಸಾಕ್ಷಿ. ತುಳುನಾಡಿಗೆ ಹೋದರೆ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ಕನ್ನಡದ ಒಡಹುಟ್ಟಿದ ಭಾಷೆಯಲ್ಲಿಯೇ ವ್ಯವಸ್ಥೆಯು ತಲೆಕೆಳಗಾಗಿರುವದು. ಕಾಕಸಸ್ ಪರ್ವತದ ಕೆಳಗಿನ ಜಾರ್ಜಿಯಾ ದೇಶದಲ್ಲಿಯೂ ‘ಮಾಮ’ ಎಂದರೆ ತಂದೆ, ‘ದೆದ’ ಎಂದರೆ ತಾಯಿ. ಕನ್ನಡದಲ್ಲಿಯೇ ‘ಅಬ್ಬೆ’ ಎಂಬುದು ತಾಯಿಯ ಹೆಸರು. ಕವಿಗಳನ್ನು ಪೋಷಿಸಿದ ಅತ್ತಿಮಬ್ಬೆಯ ಹೆಸರಿನಲ್ಲಿ ಅದು ಸಾವಿರ ವರುಷಗಳಿಂದ ನಿಂತಿದೆ. ಕಾಸರಗೋಡು, ಪುತ್ತೂರುಗಳ ಹವ್ಯಕರು ತಾಯಿಯನ್ನು ಇಂದಿಗೂ ಅಬ್ಬೆಯೆಂದೇ ಕರೆಯುವರು. ಫ್ರಾನ್ಸಿನಲ್ಲಿಯಾದರೋ ಅದೇ ಉಚ್ಚಾರದ ‘ಅಬ್ಬೆ’ ಎಂಬುದು ಕ್ರೈಸ್ತ ಯತಿಯ ಬಿರುದು. ಕೂಸು ಕೊಡುವದು ದನಿಯನ್ನು ಮಾತ್ರ. ಅದನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನು ಗೊತ್ತುಪಡಿಸುವವರು ದೊಡ್ಡವರು.

ಇಲ್ಲಿ ‘ಅಪ್ಪ’ದ ವೇಷದಲ್ಲಿ ತಿರುಗಾಡುವ ಬೇರೆ ಶಬ್ದಗಳನ್ನೂ ಬೇರ್ಪಡಿಸಿ ಇಡಬೇಕಾಗುವದು. ಹಳಗನ್ನಡದಲ್ಲಿ ‘ಅಪ್ಪ’ ಎಂದರೆ ‘ಆಗುವ’ ಎಂದರ್ಥ. ಅದು ಆಗು ಧಾತುವಿನ ರೂಪ. ತಿನ್ನುವ ಅಪ್ಪವು ಸಂಸ್ಕೃತದ ಅಪೂಪದ ತದ್ಭವ. ಶರಣರ ವಚನಗಳಲ್ಲಿ ಪೃಥ್ವಿಯ ಜೊತೆಯಲ್ಲಿ ಬರುವ ‘ಅಪ್ಪು’ ನೀರು. ಸಂಸ್ಕೃತದ ಅಪ್ ಶಬ್ದದಿಂದ ಬಂದುದು. ಆಲಿಂಗನಾರ್ಥದ ಅಪ್ಪು ಅಚ್ಚಗನ್ನಡ. ‘ಮಕ್ಕಳನ್ನು ಅಪ್ಪುವವನೇ ಅಪ್ಪ’ ಎಂದು ಅರ್ಥ ಹೇಳುವವರುಂಟು. ಕೇಳುವದಕ್ಕೆ ಇಂಪು, ಭಾವದಲ್ಲಿ ದೋಷವಿಲ್ಲ, ಆದರೆ ವ್ಯುತ್ಪತ್ತಿಯೆಂದು ಒಪ್ಪುವಂತಿಲ್ಲ. ಇದಕ್ಕಿಂತ ಪ್ರಬಲವಾದ ವಾದವು ಪ್ರಾಕೃತದ್ದು. ಜೈನರ ಪ್ರಾಕೃತ ಗ್ರಂಥಗಳಲ್ಲಿ ಸಂಸ್ಕೃತದ ಆತ್ಮ ಶಬ್ದವು ‘ಅಪ್ಪ’ ಎಂದಾಗುವದು, ಪರಮಾತ್ಮನು ‘ಪರಮಪ್ಪ’ನಾಗುವನು. ಬೆಳಗಾವಿ ಸೀಮೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಅವರು ೧೯೩೭ರಲ್ಲಿ ಸಂಪಾದಿಸಿ ಕೊಟ್ಟ ಯೋಗೀಂದುದೇವನ ಅಪಭ್ರಂಶ ಗ್ರಂಥಕ್ಕೆ ಹೆಸರೇ ಪರಮಪ್ಪಪಯಾಸು, ಎಂದರೆ ಪರಮಾತ್ಮಪ್ರಕಾಶ. ಇದನ್ನು ಕಂಡು ನಮ್ಮ ಅಪ್ಪನೂ ಆತ್ಮದ ತದ್ಭವವೇ ಎನ್ನಬಹುದೋ? ಎನ್ನಲಾಗದು. ಆ ಅಪ್ಪವು ‘ತಾನು’ ಎಂಬುದನ್ನು ಹೇಳುವದೇ ಹೊರತು ತಂದೆಯನ್ನು ಹೇಳುವದಿಲ್ಲ; ತಂದೆಯ ಅರ್ಥವಾದರೋ ದ್ರಾವಿಡ ಭಾಷೆಗಳಲ್ಲಿ ನಾಲ್ಕೂ ಕಡೆ ಹರಡಿರುವದು. ದಾರಿಯಲ್ಲಿ ಎದುರಾದ ಒಂದೇ ಹೆಸರಿನ ಇಬ್ಬರು ಅಣ್ಣತಮ್ಮಂದಿರಾಗಬೇಕೆಂದಿಲ್ಲ.

ಇಷ್ಟಾದ ಮೇಲೆ, ನಿಜವಾಗಿಯೂ ದೇಶ ಸುತ್ತಿದ ರೂಪಗಳಾವುವು ಎಂಬುದನ್ನು ನೋಡಬಹುದು. ಮರಾಠಿಯ ಅಕ್ಕಾ, ಅಣ್ಣಾ, ಅಪ್ಪಾಗಳು ದ್ರಾವಿಡರಿಂದ ಹೋದುವೆಂದು ಭಾಷಾಪಂಡಿತರ ಮತ. ಆದರೆ ಗಡಿಯನ್ನು ದಾಟುವಾಗ ಅಪ್ಪನು ತಂದೆತನವನ್ನು ಇಳಿಸಿ ಮರ್ಯಾದೆಯನ್ನು ಮಾತ್ರ ಹೊತ್ತುಕೊಂಡು ಹೋದನು. ೧೭೩೯ರಲ್ಲಿ ಪೋರ್ತುಗೀಜರಿಂದ ವಸಯಿ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪಾ ಒಂದನೆಯ ಬಾಜೀರಾಯನ ತಮ್ಮನು, ತಮ್ಮನಾದರೂ ಅಪ್ಪಾ. ಇತ್ತ ಉತ್ತರದಿಂದ ಬಂದ ಇನ್ನೊಂದು ಮಾತು ‘ಬಪ್ಪ’. ಪಲ್ಲವರ ಹಳೆಯ ತಾಮ್ರಪಟಗಳಲ್ಲಿ ಅರಸನು ತನ್ನನ್ನು ಬಪ್ಪಭಟ್ಟಾರಕರ ಪಾದಭಕ್ತನೆಂದು ಹೇಳಿಕೊಳ್ಳುವನು. ವಲಭಿಯ ಅರಸರ ಶಾಸನಗಳಲ್ಲಿಯೂ ಬಪ್ಪನ ಪಾದಸ್ಮರಣೆಯುಂಟು. ಫ್ಲೀಟ್ ಸಾಹೇಬರು ೧೮೮೮ರಲ್ಲಿ ಗುಪ್ತರ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ ಈ ಶಬ್ದವನ್ನು ಬಹಳ ಚರ್ಚಿಸಿ ತಂದೆಯೆಂಬ ಅರ್ಥವನ್ನು ಮಾಡಿದರು. ಗಣಪತಿಯನ್ನು ಕಳುಹಿಸುವ ದಿನ ಮರಾಠಿಗರು ಕೂಗುವ ‘ಬಪ್ಪಾ’ ಇದೇ ವಂಶದ್ದು. ಕನ್ನಡದ ‘ಬೊಪ್ಪ’ವು ಅದರ ನೆರೆಯಲ್ಲಿಯೇ ನಿಲ್ಲುವದು, ೧೨ನೆಯ ಶತಮಾನದ ಕೊನೆಗೆ ಶ್ರವಣಬೆಳ್ಗೊಳದ ಗೊಮ್ಮಟನನ್ನು ಸ್ತುತಿಸಿದ ಬೊಪ್ಪಣ ಪಂಡಿತನ ಹೆಸರು ಅನೇಕರಿಗೆ ತಿಳಿದಿರಬಹುದು.

ಎಲ್ಲಕ್ಕಿಂತ ದೀರ್ಘವಾದ ಯಾತ್ರೆಯನ್ನು ಮಾಡಿದ್ದು ಅರಮಾಯಿಕದ ಅಬ್ಬಾ. ಕ್ರಿಸ್ತಶಕದ ೪ನೆಯ ಶತಮಾನದಲ್ಲಿ ಮಿಸರ ದೇಶದ ಮರುಭೂಮಿಯಲ್ಲಿ ಮನೆಮಾರುಗಳನ್ನು ತೊರೆದು ತಪಸ್ಸಿಗೆ ಕುಳಿತ ವೃದ್ಧರನ್ನು ಅವರ ಬಳಿಗೆ ಬಂದ ತರುಣರು ‘ಅಬ್ಬಾ’ ಎಂದು ಕರೆದರು. ಆ ಮಾತು ಗ್ರೀಕಿಗೆ ಹೋಗಿ ಅಬ್ಬಾಸ್ ಆಯಿತು. ಲ್ಯಾಟಿನ್ನಿಗೆ ಹೋಗಿ ಅಬ್ಬಾಸ್, ಅಬ್ಬಾತಿಸ್ ಆಯಿತು. ಇಂಗ್ಲಿಷಿನ ಆಬಟ್, ಜರ್ಮನಿನ ಆಪ್ಟ್, ಮೇಲೆ ಹೇಳಿದ ಫ್ರೆಂಚಿನ ಅಬ್ಬೆ ಎಲ್ಲವೂ ಅದರ ಸಂತಾನ. ಮಠಾಧಿಪತಿ ಎಂದೇ ಇವುಗಳ ಅರ್ಥ. ಮಠಕ್ಕೆ ಇಂಗ್ಲಿಷಿನಲ್ಲಿ ಆಬಿ ಎಂಬ ಹೆಸರು ಬಂದುದೂ ಅದರಿಂದಲೇ. ೬ನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಯತಿಗಳಿಗಾಗಿ ಬರೆದಿಟ್ಟ ಕಟ್ಟಳೆಯ ಎರಡನೆಯ ಅಧ್ಯಾಯದಲ್ಲಿ, ಈ ಹೆಸರಿನಿಂದ ಕರೆಯಿಸಿಕೊಳ್ಳುವವನು ಹೆಸರಿಗೆ ತಕ್ಕಂತೆ ನಡೆಯಬೇಕು, ತನ್ನ ಕೈಗೆ ಬಂದ ಆತ್ಮಗಳಿಗೆ ಲೆಕ್ಕ ಕೊಡಬೇಕು ಎಂಬ ಅಭಿಪ್ರಾಯವನ್ನು ಬಹು ನಿಷ್ಠುರವಾಗಿ ಹೇಳಿದನು. ಪೋಪ್ ಎಂಬ ಬಿರುದೂ ಗ್ರೀಕಿನ ‘ಪಾಪ್ಪಾಸ್’, ಎಂದರೆ ಅಪ್ಪ, ಎಂಬುದರಿಂದಲೇ ಬಂದಿತು. ಮೊದಲು ಅದು ಅನೇಕ ಬಿಷಪರಿಗೆ ಸಲ್ಲುತ್ತಿದ್ದು, ೧೧ನೆಯ ಶತಮಾನದ ಏಳನೆಯ ಗ್ರೆಗರಿಯ ಕಾಲಕ್ಕೆ ಪಶ್ಚಿಮದಲ್ಲಿ ರೋಮಿನ ಪೀಠಕ್ಕೆ ಮೀಸಲಾಯಿತು. ನಾವು ಪಾದ್ರಿ ಎನ್ನುವದು ಪೋರ್ತುಗೀಜರ ‘ಪಾದ್ರೆ’, ಅದೂ ತಂದೆಯೇ. ಸೂಫಿಗಳ ದರ್ಗೆಗಳಲ್ಲಿ ಕೇಳಿಬರುವ ‘ಬಾಬಾ’ ಫಾರಸಿ ತುರ್ಕಿಗಳಲ್ಲಿ ತಂದೆ.

ಅರಮಾಯಿಕದ ಅಬ್ಬಾ ನಮ್ಮ ಅಪ್ಪನ ಮೂಲವಲ್ಲ, ನಮ್ಮ ಅಪ್ಪ ಅದರ ಮೂಲವಲ್ಲ. ಮಿಸರದ ಆ ತರುಣರಿಗೆ ಕನ್ನಡವು ಗೊತ್ತಿರಲಿಲ್ಲ, ಆಳಂದದ ಒಕ್ಕಲಿಗನಿಗೆ ಅರಮಾಯಿಕವು ಗೊತ್ತಿಲ್ಲ. ಆದರೂ ಮಕ್ಕಳಿಲ್ಲದ ಯತಿಯನ್ನು ಕಂಡು ಇಬ್ಬರೂ ಒಂದೇ ಮಾತನ್ನು ಆಡಿದರು. ಭಾಷಾಶಾಸ್ತ್ರವು ಈ ಹೊಸ್ತಿಲ ವರೆಗೆ ಕರೆದು ತಂದು ಬಿಡುತ್ತದೆ. ಸಂತಾನವನ್ನು ಬೇಡವೆಂದು ಬಿಟ್ಟವನಿಗೇ ತಂದೆಯೆಂಬ ಹೆಸರನ್ನು ಕೊಡುವದೇತಕ್ಕೆ ಎಂಬ ಪ್ರಶ್ನೆಗೆ ಉತ್ತರವು ಅದರ ಕೋಶದಲ್ಲಿಲ್ಲ. (ಶರಣಬಸವೇಶ್ವರರ ಪೀಠವು ಗೃಹಸ್ಥರದಾದ ಕಾರಣ ಅಲ್ಲಿ ಎರಡೂ ಅರ್ಥಗಳು ಸಲ್ಲುವವು, ವಿರಕ್ತಮಠಗಳ ಮಾತು ಬೇರೆ.)

ನಮ್ಮಲ್ಲಿ ಇದಕ್ಕೆ ಎರಡು ನೆಲೆಗಳುಂಟು. ಒಂದು ದೀಕ್ಷೆಯದು. ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕೊಟ್ಟಾಗ ಶಿಷ್ಯನಿಗೆ ಎರಡನೆಯ ಜನ್ಮವಾಗುವದು. ಆದ್ದರಿಂದಲೇ ಅವನನ್ನು ಗುರುಕರಜಾತನೆಂದು ಕರೆಯುವದು. ಆ ಹುಟ್ಟಿನಲ್ಲಿ ಗುರುವು ತಂದೆಯ ಸ್ಥಾನದವನು. ಇನ್ನೊಂದು ನೆಲೆಯು ಇದಕ್ಕಿಂತ ಕಠಿಣವಾದುದು. ಬಸವಣ್ಣನವರು ಒಂದು ವಚನದಲ್ಲಿ ಮಾದಾರ ಚೆನ್ನಯ್ಯನನ್ನು ತಮ್ಮ ಅಪ್ಪನೆಂದೂ ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ ಕರೆದುಕೊಂಡಿರುವರು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಕಲ್ಯಾಣದಲ್ಲಿ ಭಂಡಾರಿಯಾಗಿದ್ದವರು ಈ ಮಾತನ್ನು ಆಡಿದ್ದು ಅಲಂಕಾರಕ್ಕಾಗಿ ಅಲ್ಲ. ಅಪ್ಪನು ಯಾರೆಂಬುದರಿಂದಲೇ ಮನುಷ್ಯನ ಜಾತಿ, ಊಟ, ಮದುವೆ, ಸ್ಮಶಾನಗಳೆಲ್ಲ ಗೊತ್ತಾಗುತ್ತಿದ್ದ ಕಾಲವದು. ಆ ಒಂದು ಶಬ್ದವನ್ನು ಎತ್ತಿ ಮಾದಾರನ ಹೆಸರಿನ ಮುಂದಿಟ್ಟರೆ ಹುಟ್ಟಿನ ಮೇಲೆ ನಿಂತ ಲೆಕ್ಕವೆಲ್ಲ ಬಿದ್ದು ಹೋಗುವದು. ಇಂದು ಮಠದ ಪಂಕ್ತಿಯಲ್ಲಿ ಅಪ್ಪಾರೇ ಎಂದು ಕೈಮುಗಿದು, ಊರಿಗೆ ತಿರುಗಿ ಹೋದ ಮೇಲೆ ಕೇರಿಯವರ ನೀರಿಗೆ ಹಿಂಜರಿಯುವವರು ಯಾವ ಅಪ್ಪನ ಮಕ್ಕಳೆಂಬುದನ್ನು ತಾವೇ ಯೋಚಿಸಬೇಕು.

ತಮಿಳು ಶೈವರಲ್ಲಿಯೂ ಇಂಥದೊಂದು ಪ್ರಸಂಗವಿದೆ. ಅರವತ್ತಮೂವರು ಪುರಾತನರಲ್ಲಿ ಒಬ್ಬರಾದ ತಿರುನಾವುಕ್ಕರಸರು ೭ನೆಯ ಶತಮಾನದವರು. ಜೈನಮತಕ್ಕೆ ಹೋಗಿ ತಿರುಗಿ ಶಿವಭಕ್ತಿಗೆ ಬಂದವರು. ಬಾಲಕನಾದ ಜ್ಞಾನಸಂಬಂಧರು ಈ ವೃದ್ಧರನ್ನು ಕಂಡು ‘ಅಪ್ಪರ್’ ಎಂದು ಕರೆದರು. ಅಂದಿನಿಂದ ಲೋಕಕ್ಕೆಲ್ಲ ಅವರು ಅಪ್ಪರ್ ಆದರು. ತಂದೆತಾಯಿಗಳಿಟ್ಟ ಹೆಸರು ಹಿಂದೆ ಸರಿಯಿತು.

ಗುರುವನ್ನು ಕರೆಯುವ ಪದ್ಧತಿಯು ಕನ್ನಡ ನಾಡಿನಲ್ಲೆಲ್ಲ ಒಂದೇ ಆಗಿಲ್ಲವೆಂಬುದನ್ನೂ ಹೇಳಬೇಕು. ಧಾರವಾಡ, ಗದಗಿನ ಕಡೆಗೆ ‘ಅಜ್ಜಾರು’. ಹುಬ್ಬಳ್ಳಿಯ ಸಿದ್ಧಾರೂಢರು ಜನರ ಬಾಯಲ್ಲಿ ಸಿದ್ಧಾರೂಢ ಅಜ್ಜ. ಮೈಸೂರು ತುಮಕೂರುಗಳ ಕಡೆಗೆ ‘ಬುದ್ಧಿ’, ‘ಬುದ್ಧಿಯವರು’. ಆಳಂದದಲ್ಲಿ ಹುಟ್ಟಿ ಅಬ್ಬಲೂರಿನಲ್ಲಿ ಶಿವಮತವನ್ನು ಮೆರೆಸಿದ ಏಕಾಂತದ ರಾಮಯ್ಯನ ಹೆಸರಿನಲ್ಲಿರುವದು ‘ಅಯ್ಯ’. ಅದು ಆರ್ಯ ಶಬ್ದದ ಪ್ರಾಕೃತ ರೂಪವೋ ದ್ರಾವಿಡದ್ದೋ ಎಂಬಲ್ಲಿ ಪಂಡಿತರು ಏಕಮತವಾಗಿಲ್ಲ. ಒಂದು ಸೀಮೆಯು ಗುರುವಿನಲ್ಲಿ ಅಜ್ಜನ ವಾತ್ಸಲ್ಯವನ್ನು, ಇನ್ನೊಂದು ಅರಿವನ್ನು, ಈ ಸೀಮೆಯು ತಂದೆಯನ್ನು ಕಂಡಿತು.

ತಂದೆ ಎಂಬ ಮಾತಿಗೂ ಅಪ್ಪ ಎಂಬ ಮಾತಿಗೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಹಳೆಯ ತಮಿಳಿನಲ್ಲಿ ಎಂದೈ ಎಂದರೆ ನನ್ನ ತಂದೆ, ನುಂದೈ ಎಂದರೆ ನಿನ್ನ ತಂದೆ, ತಂದೈ ಎಂದರೆ ಅವನ ತಂದೆ. ಕನ್ನಡದಲ್ಲಿ ಉಳಿದುದು ಮೂರನೆಯದೊಂದೇ. ಆದಕಾರಣ ತಂದೆ ಎಂಬುದು ಒಬ್ಬನ ವಿಷಯವಾಗಿ ಹೇಳುವದಕ್ಕೆ, ಕಾಗದಪತ್ರಗಳಲ್ಲಿ ಬರೆಯುವದಕ್ಕೆ ಯೋಗ್ಯವಾದ ಮಾತು. ಮನೆಯಲ್ಲಿ ಅದನ್ನು ಕೂಗಿ ಕರೆಯುವವರು ವಿರಳ. ಅಪ್ಪ ಎಂಬುದು ಕರೆಯುವದಕ್ಕೇ ಹುಟ್ಟಿದ ಮಾತು. ಕಿಟ್ಟೆಲ್ಲರು ೧೮೯೪ರ ತಮ್ಮ ಕೋಶದಲ್ಲಿ ಅದಕ್ಕೆ ತಂದೆಯೆಂಬ ಅರ್ಥವನ್ನೂ ಗೌರವಕ್ಕಾಗಿ ಹೆಸರಿಗೆ ಹತ್ತುವ ರೂಪವನ್ನೂ ಕೊಟ್ಟಿರುವರು. ಆದರೆ ಜನರ ಬಾಯಲ್ಲಿ ಅದರ ವ್ಯಾಪ್ತಿಯು ಇನ್ನೂ ದೊಡ್ಡದು. ತಾಯಿಯು ಮೂರು ವರುಷದ ಮಗನನ್ನು ‘ಬಾರಪ್ಪಾ’ ಎನ್ನುವಳು. ಮಾವನ ಹೆಸರನ್ನು ಮಗನಿಗೆ ಇಟ್ಟಿದ್ದರೆ ಸೊಸೆಯು ಆ ಹೆಸರನ್ನೆತ್ತದೆ ಕೂಸನ್ನೇ ‘ಅಪ್ಪಾ’ ಎಂದು ಕರೆಯುವ ರೂಢಿಯು ಅನೇಕ ಮನೆಗಳಲ್ಲಿದ್ದಿತು. ಗುರುತಿಲ್ಲದ ದಾರಿಕಾರನನ್ನು ‘ಯಾವೂರಪ್ಪಾ?’ ಎಂದು ಕೇಳುವರು. ನೋವಾದಾಗ, ಭಯವಾದಾಗ ಬಾಯಿಂದ ಬರುವದೂ ಅದೇ.

ಮಠಕ್ಕೆ ಬರೆಯುವ ಬಿನ್ನವತ್ತಳೆಗಳಲ್ಲಿ ವಿರಕ್ತರಿಗೆ ಮನ್ನಿರಂಜನ ಪ್ರಣವಸ್ವರೂಪಿಗಳೆಂದೂ ಗುರುಮಠದವರಿಗೆ ಷಟ್‌ಸ್ಥಲಬ್ರಹ್ಮಿಗಳೆಂದೂ ಬರೆಯುವದು ಯುಕ್ತವೇ. ಆ ಬಿರುದುಗಳಿಗೆ ಶಾಸ್ತ್ರದ ಆಧಾರವಿರುವದು. ಆದರೆ ಮಳೆ ಹೋಗಿ ತೊಗರಿಯು ಒಣಗಿದ ವರುಷ ಮಠದ ಕಟ್ಟೆಯ ಮುಂದೆ ಬಂದು ನಿಂತ ಮುದುಕಿಯು ಆ ಬಿರುದುಗಳಲ್ಲಿ ಒಂದನ್ನೂ ಹೇಳುವದಿಲ್ಲ. ‘ಯಪ್ಪಾ’ ಎಂದು ಏಕವಚನದಲ್ಲಿಯೇ ಕರೆಯುವಳು, ಒಳಗಿನವರು ಎದ್ದು ಬರುವರು.